ಸಹಾಯ ಬೇಕು: ವಿಂಡೋಸ್‌ನಲ್ಲೇ ಇರೋ ಆ್ಯಂಟಿವೈರಸ್ ಡಿಫೆಂಡರ್ ಜೊತೆ ಎರಡನೇ ಪದರ ಯಾವುದು?

ತುಮಕೂರು, ಮನೆ ಕಂಪ್ಯೂಟರ್, ವಿಂಡೋಸ್ 11, 8 ಜಿಬಿ ರ‍್ಯಾಮ್. ಜೆರಾಕ್ಸ್ ಅಂಗಡಿಗೆ ಹೋಗಿಬಂದ ಪೆನ್‌ಡ್ರೈವಲ್ಲಿ ಫೋಲ್ಡರ್‌ಗಳೆಲ್ಲ ಒಂದೆರಡು ಕೆಬಿ ಶಾರ್ಟ್‌ಕಟ್ ಆಗಿದ್ವು. ಡಿಫೆಂಡರ್ ವೈರಸ್ ಹಿಡೀತು, ಅಡಗಿದ್ದ ಫೈಲ್‌ಗಳನ್ನ ಆಟ್ರಿಬ್ ಕಮಾಂಡ್ (ಫೈಲ್‌ನ ಹಿಡನ್ ಗುರುತು ತೆಗೆಯೋದು) ಕೊಟ್ಟು ವಾಪಸ್ ತಂದಾಯ್ತು. ಫೈರ್‌ಫಾಕ್ಸಲ್ಲಿ ಜಾಹೀರಾತು ತಡೆಯೋ ಯುಬ್ಲಾಕ್ ಒರಿಜಿನ್ ಮೊದಲೇ ಇದೆ.

ಇನ್ನೊಂದು ಪದರ ಇರಲಿ ಅಂತ ಬೇರೆ ಆ್ಯಂಟಿವೈರಸ್‌ನ ಟ್ರಯಲ್ ಹಾಕಿದೆ. ಅದು ವಿಂಡೋಸ್ ಸೆಕ್ಯುರಿಟಿಯಲ್ಲಿ ರಿಜಿಸ್ಟರ್ ಆದ ತಕ್ಷಣ ಡಿಫೆಂಡರ್ ತಾನಾಗೇ ಆಫ್! ಅದರ ಹಿಂದೆಯೇ ಡಿಫೆಂಡರ್‌ನ ಕಂಟ್ರೋಲ್ಡ್ ಫೋಲ್ಡರ್ ಆಕ್ಸೆಸ್ಸೂ (ಗುರುತಿಲ್ಲದ ಪ್ರೋಗ್ರಾಂ ನಮ್ಮ ಫೋಲ್ಡರ್‌ಗಳನ್ನ ಬದಲಾಯಿಸದಂತೆ ತಡೆಯೋದು) ಹೋಯ್ತು. ಫೈಲ್‌ಗಳಿಗೆ ಬೀಗ ಹಾಕಿ ದುಡ್ಡು ಕೇಳೋ ರ‍್ಯಾನ್ಸಮ್‌ವೇರ್ ತಡೆಯೋಕೆ ಬೇಕಿದ್ದದ್ದೇ ಅದು. (ಅದು ಆನ್ ಇದ್ರೆ ನುಡಿ ಡಾಕ್ಯುಮೆಂಟ್ಸ್‌ಗೆ ಸೇವ್ ಆಗಲ್ಲ, ಅಲೋ ಲಿಸ್ಟ್‌ಗೆ ಸೇರಿಸ್ಬೇಕು, ಅದು ಬೇರೆ ತಲೆನೋವು.) ಹೊಸ ಆ್ಯಂಟಿವೈರಸ್‌ನಲ್ಲಿ ರಿಜಿಸ್ಟರ್ ಆಯ್ಕೆ ತೆಗೆದ್ರೆ ಎರಡೂ ಒಟ್ಟಿಗೆ ಓಡುತ್ವೆ, ಒಂದೇ ಫೈಲನ್ನ ಇಬ್ಬರೂ ಸ್ಕ್ಯಾನ್ ಮಾಡಿ ಮಷೀನ್ ತೆವಳುತ್ತೆ.

ಬಲ್ಲವರು ಹೇಳಿ: ಡಿಫೆಂಡರನ್ನೇ ಕಾವಲಿಗೆ ಬಿಟ್ಟು, ಎರಡನೆಯದನ್ನ ವಾರಕ್ಕೊಮ್ಮೆ ಕೈಯಾರೆ ಸ್ಕ್ಯಾನ್‌ಗೆ ಮಾತ್ರ ಇಟ್ಕೊಂಡ್ರೆ ಸಾಕಾ, ಇಲ್ಲ ಒಂದನ್ನೊಂದು ಎಕ್ಸ್‌ಕ್ಲೂಷನ್‌ಗೆ (ಸ್ಕ್ಯಾನ್ ಮಾಡದೆ ಬಿಡೋ ಪಟ್ಟಿಗೆ) ಹಾಕಿ ಎರಡನ್ನೂ ಓಡಿಸೋದೇ ವಾಸಿನಾ?