ಹನ್ನೆರಡರ ಹುಡುಗಿಗೆ ರನ್ನನ ಪುಸ್ತಕವಾ, ವಚನದ ಆಟವಾ? ಕೊಟ್ಟವರು ಹೇಳಿ

ಬೆಳಗಾವಿಯ ಅತ್ತೆ: ತಮ್ಮನ ಮಗಳಿಗೆ ದೀಪಾವಳಿಗೆ ಹನ್ನೆರಡು ತುಂಬುತ್ತದೆ. ಮನೆಯಲ್ಲಿ ಕನ್ನಡ, ಓಣಿಯಲ್ಲಿ ಮರಾಠಿ, ಶಾಲೆಯಲ್ಲಿ ಇಂಗ್ಲಿಷ್. ಹಳಗನ್ನಡ ಕವಿ ರನ್ನನ ಗದಾಯುದ್ಧದ ಕಥೆ ಪುಸ್ತಕ ಕೊಡಲಾ, ವಚನದ ಅಥವಾ ಅಕ್ಷರದ ಆಟ ಕೊಡಲಾ? ಸಾವಿರ ರೂಪಾಯಿ ಒಳಗೆ.

ವಿದ್ಯಾಗಿರಿ, ಬಾಗಲಕೋಟೆ: ಅಕ್ಷರದ ಆಟ ನಾನು ಮಾಡಿಸಿಯೇ ಕೊಟ್ಟೆ. ಕ, ಕಾ, ಕಿ, ಕೀ ಅಂತ ಒಂದೊಂದಕ್ಕೂ ಬಿಲ್ಲೆ ಮಾಡಿದರೆ ಚೀಲ ತುಂಬುತ್ತದೆ. ಅದಕ್ಕೆ ಬರೀ ವ್ಯಂಜನ ಇಟ್ಟೆ. ಗುಣಿತ ಆಡುವವರೇ ಸೇರಿಸಿಕೊಳ್ಳಬೇಕು. ಒತ್ತಿಗೆ ಸಣ್ಣ ಬಿಲ್ಲೆ ಬೇರೆ, ಅದನ್ನು ಕೆಳಗೆ ಇಡೋದು. ಮರದ ಬಿಲ್ಲೆ ಕತ್ತರಿಸಲು 1,400, ಅಚ್ಚಿಗೆ 900, ಡಬ್ಬಿಗೆ 350. ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿದ್ದನ್ನು ಪ್ರೆಸ್ಸಿನವರು ಯೂನಿಕೋಡ್‌ಗೆ ತಿರುಗಿಸಿದಾಗ ಅರ್ಕಾವತ್ತೆಲ್ಲಾ ಜಾಗ ಬಿಟ್ಟಿತು. ಪ್ರೂಫ್‌ನಲ್ಲಿ ಕೆಂಪು ಗುರುತು ಹಾಕಿ ಕೊಟ್ಟಿದ್ದೆ. ಆದರೂ ಹಾಗೇ ಅಚ್ಚು ಹಾಕಿದರು! ಮತ್ತೆ ಮಾಡಿಸಲು 900 ನನ್ನ ಕೈಯಿಂದಲೇ ಹೋಯಿತು. ಇವತ್ತಿಗೂ ಸಿಟ್ಟಿದೆ. ಆದರೆ ಮಕ್ಕಳು ಈಗ ಆಡುತ್ತಾ ಆಡುತ್ತಾ ಒತ್ತಕ್ಷರ ಸರಿ ಬರೆಯುತ್ತಾರೆ.

ವಿಜಯಪುರದ ಅಕ್ಕ: ನಾನು ವಚನದ ಹಾವು-ಏಣಿ ಮಾಡಿಸಿದೆ. ಏಣಿಯ ಬುಡದಲ್ಲಿ ಕಾಯಕದ ವಚನ, ಹಾವಿನ ಬಾಯಲ್ಲಿ ಕೋಪದ ವಚನ. ಫ್ಲೆಕ್ಸ್ ಬೇಡ, ಮಡಚಿದಲ್ಲಿ ಬಿಳಿ ಗೆರೆ ಬಿದ್ದು ಅಕ್ಷರ ಹೋಗುತ್ತದೆ. ದಪ್ಪ ಬಟ್ಟೆಯ ಮೇಲೆ ಹಾಕಿಸಿ, 650 ಆಗುತ್ತದೆ.

ಹುನಗುಂದದ ಮಾಸ್ತರ್: ವಚನವನ್ನು ದಾಳದ ಕೆಳಗೆ ಇಡೋದು ನನಗೆ ಒಪ್ಪಿಗೆ ಇಲ್ಲ. ಕೂಡಲಸಂಗಮ ನಮ್ಮ ಪಕ್ಕದಲ್ಲೇ ಇದೆ. ಆ ಮಾತು ಹುಟ್ಟಿದ್ದು ಬದುಕೋದಕ್ಕೆ. ಆಟದಲ್ಲಿ ಮಕ್ಕಳು ಮನೆ ಎಣಿಸುತ್ತಾರೆ, ಓದುವುದಿಲ್ಲ. ಪುಸ್ತಕ ಕೊಡಿ. ನಾನು ಮೊಮ್ಮಗನಿಗೆ ಹಳಗನ್ನಡ ಪದ್ಯದ ಕೆಳಗೆ ಹೊಸಗನ್ನಡ ಅರ್ಥ ಇರುವ ಗದಾಯುದ್ಧ ಕೊಟ್ಟೆ. ಹತ್ತು ಆಶ್ವಾಸ, ಅಂದರೆ ಅಧ್ಯಾಯ. ಮೊದಲಿಂದ ಓದಿಸಲಿಲ್ಲ, ದುರ್ಯೋಧನ ವೈಶಂಪಾಯನ ಸರೋವರದಲ್ಲಿ ಅಡಗುವ ಕಡೆಯಿಂದ ಶುರು ಮಾಡಿದೆ. ಭೀಮನ ಕೂಗಿಗೆ ನೀರೊಳಗಿದ್ದೂ ಬೆವರುತ್ತಾನಲ್ಲ, ಅಲ್ಲಿ ಹುಡುಗ ಪುಸ್ತಕ ನನ್ನ ಕೈಯಿಂದಲೇ ಕಸಿದುಕೊಂಡ. ರನ್ನ ಮುಧೋಳದವನು. ನಮ್ಮ ಜಿಲ್ಲೆಯ ಮಕ್ಕಳಿಗೇ ಅವನು ಗೊತ್ತಿಲ್ಲ ಅಂದರೆ ಹೊಟ್ಟೆ ಉರಿಯುತ್ತದೆ.

ವಿಜಯಪುರದ ಅಕ್ಕ: ಮಾಸ್ತರ್ರೇ, ಫ.ಗು. ಹಳಕಟ್ಟಿಯವರು ಇದೇ ಊರಿನಲ್ಲಿ ಮನೆ ಮಾರಿ 1925ರಲ್ಲಿ ಹಿತಚಿಂತಕ ಪ್ರೆಸ್ ಹಾಕಿದ್ದು ಯಾಕೆ? ತಾಳೆಗರಿಯಲ್ಲಿದ್ದ ವಚನ ಮನೆಮನೆಗೆ ಹೋಗಲಿ ಅಂತ. ನಮ್ಮ ಮನೆಯಲ್ಲಿ ಅದು ಜಮಖಾನೆ ಮೇಲೆ ಬಂದಿದೆ. ಹಳೇ ಪರಮಪದ ಸೋಪಾನಪಟದಲ್ಲೂ ಪಾಪ-ಪುಣ್ಯ ಹಾವು-ಏಣಿಯಲ್ಲೇ ಇದ್ದವು. ಆಗ ಯಾರೂ ಸಿಟ್ಟಾಗಲಿಲ್ಲ. ಜೋರಾಗಿ ಓದದೇ ಕಾಯಿ ನಡೆಸೋ ಹಾಗಿಲ್ಲ ಅಂತ ನಿಯಮ ಇಟ್ಟಿದ್ದೇನೆ. ನೋಡದೇ ಹೀಗೆಲ್ಲ ಅನ್ನಬೇಡಿ.

ಹುನಗುಂದದ ಮಾಸ್ತರ್: ಶಿಕ್ಷೆಯ ಹಾಗೆ ಓದಿಸಿದ್ದು ನಿಲ್ಲುವುದಿಲ್ಲ. ನಲವತ್ತು ವರ್ಷ ಪಾಠ ಮಾಡಿ ಹೇಳುತ್ತಿದ್ದೇನೆ.

ಬೆಳಗಾವಿಯ ಅತ್ತೆ: ದೊಡ್ಡವರು ಜಗಳ ಆಡಬೇಡಿ. ಹುಡುಗಿ ಕನ್ನಡ ನಿಧಾನ ಓದುತ್ತಾಳೆ. ಅಂಥವರಿಗೆ ಕೊಟ್ಟವರು ಇದ್ದೀರಾ?

ಗುಳೇದಗುಡ್ಡ: ನಾನು ಎರಡೂ ಕೊಟ್ಟೆ. ಪುಸ್ತಕದ ಜೊತೆ ಖಣದಲ್ಲಿ, ಅಂದರೆ ನಮ್ಮೂರಿನ ಕುಪ್ಪಸದ ಬಟ್ಟೆಯಲ್ಲಿ, ಹೊಲಿಸಿದ ಪಗಡೆ ಹಾಸು. ಪಗಡೆಯಿಂದ ದ್ಯೂತ, ದ್ಯೂತದಿಂದ ಭೀಮನ ಶಪಥ, ಅಲ್ಲಿಂದ ಗದಾಯುದ್ಧ. ಕಥೆ ಬಾಯಲ್ಲಿ ಹೇಳಿ ಆಮೇಲೆ ಪುಸ್ತಕ ಕೈಗಿಟ್ಟೆ. ಆದರೆ ಕೈಮಗ್ಗ ಅಂತ ಹೇಳಿ ಪವರ್‌ಲೂಮ್ ಖಣ ಕೊಟ್ಟುಬಿಟ್ಟರು. ಒಂದೇ ಸಲ ಒಗೆದರೆ ಬಣ್ಣ ಬಿಟ್ಟು ಮನೆ ಗೆರೆಗಳೆಲ್ಲ ಕಲಸಿ ಹೋದವು. 780 ರೂಪಾಯಿ!

ಇಳಕಲ್ ನೇಕಾರರ ಮನೆ: ಪವರ್‌ಲೂಮ್ ಅಂದ ಮಾತ್ರಕ್ಕೆ ಬಣ್ಣ ಬಿಡುವುದಿಲ್ಲ ರೀ. ಅದು ನೂಲಿಗೆ ಬಣ್ಣ ಹಾಕಿದವರ ತಪ್ಪು. ಕೈಮಗ್ಗದಲ್ಲೂ ಕಳಪೆ ಬಣ್ಣ ಹಾಕಿದರೆ ಬಿಡುತ್ತದೆ.

ಗುಳೇದಗುಡ್ಡ: ನಮ್ಮ ಊರಿನ ಖಣದ ವಿಷಯ ನಮಗೆ ಹೇಳಬೇಡಿ. ಸುಳ್ಳು ಹೇಳಿ ಮಾರಿದ್ದು ಸರಿನಾ, ಅದಕ್ಕೆ ಮೊದಲು ಉತ್ತರ ಕೊಡಿ.

ಇಳಕಲ್ ನೇಕಾರರ ಮನೆ: ಸರಿ ಅಂತ ಯಾರು ಅಂದರು? ನೇಯುವವರ ಮನೆಗೇ ಹೋಗಿ ತಗೊಳ್ಳಿ, ಹೊಲಿಸುವ ಮೊದಲು ಒಂದು ತುದಿ ನೀರಲ್ಲಿ ನೆನೆಸಿ ನೋಡಿ. ಅತ್ತೆಯವರೇ, ನೀವೂ ಅಷ್ಟೇ.