ಪುಟ್ಟನ ಚಾಪ್ಲಿನ್ ಭಾಷಣದ ಬಗ್ಗೆ

ಅಕ್ಕ, ಈ ಧ್ವನಿ ಸಂದೇಶ ಸ್ವಲ್ಪ ಉದ್ದವಾಗುತ್ತದೆ, ಅಡುಗೆ ಮಾಡುತ್ತಲೇ ಕೇಳು. ಪುಟ್ಟ ಶಾಲೆಯಲ್ಲಿ ಚಾರ್ಲಿ ಚಾಪ್ಲಿನ್ ಬಗ್ಗೆ ಮೂರು ನಿಮಿಷ ಮಾತನಾಡಬೇಕೆಂದು ನೀನು ಬರೆದ ಭಾಷಣವನ್ನು ಗುಂಪಿನಲ್ಲಿ ಹಾಕಿದ್ದೆಯಲ್ಲ, ಓದಿದೆ. ನಾಲ್ಕು ಮದುವೆಯಾದವನ ಕತೆ ಮಕ್ಕಳಿಗೆ ಯಾಕೆ ಎಂದು ದುಬೈಯಿಂದ ಭಾವ ಕೇಳಿದ್ದನ್ನೂ ನೋಡಿದೆ. ಇಬ್ಬರಿಗೂ ಒಟ್ಟಿಗೇ ಹೇಳಿಬಿಡುತ್ತೇನೆ.

ಭಾಷಣದಲ್ಲಿ ಸುಳ್ಳೇನಿಲ್ಲ. 1889ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ್ದು, 1972ರ ಗೌರವ ಆಸ್ಕರ್, 1975ರ ಸರ್ ಪದವಿ, 1977ರ ಕ್ರಿಸ್ಮಸ್ ದಿನ ತೀರಿಕೊಂಡದ್ದು, ಎಲ್ಲ ಸರಿಯೇ. ಆದರೆ ಓದಿ ಮುಗಿಸಿದರೂ ಆ ಮನುಷ್ಯ ಜನರನ್ನು ಹೇಗೆ ನಗಿಸುತ್ತಿದ್ದ ಎಂಬುದು ಮಾತ್ರ ತಿಳಿಯುವುದಿಲ್ಲ. ಹೆಸರೊಂದನ್ನು ಬದಲಿಸಿದರೆ ನಮ್ಮೂರಿನ ಯಾವ ಸಾಧಕರ ಸನ್ಮಾನ ಪತ್ರಕ್ಕೂ ಆದೀತು.

ನನ್ನನ್ನು ಕೇಳಿದರೆ ಆಲ್ಡರ್‌ಶಾಟ್‌ನಿಂದ ಶುರು ಮಾಡಿಸು. ತಾಯಿ ಹ್ಯಾನಾ ರಂಗದ ಗಾಯಕಿ. ಸೈನಿಕರೇ ತುಂಬಿದ್ದ ಆ ಊರಿನ ನಾಟಕಶಾಲೆಯಲ್ಲಿ ಒಂದು ರಾತ್ರಿ ಹಾಡುತ್ತಿರುವಾಗಲೇ ಅವಳ ಗಂಟಲು ಕೈಕೊಟ್ಟಿತು, ಜನ ಗೇಲಿ ಮಾಡಿದರು. ಮ್ಯಾನೇಜರ್ ಐದು ವರ್ಷದ ಚಾರ್ಲಿಯನ್ನು ಕೈಹಿಡಿದು ತಂದು ರಂಗದ ಮೇಲೆ ಬಿಟ್ಟ. ಹುಡುಗ ಅರ್ಧ ಹಾಡುವಷ್ಟರಲ್ಲಿ ಚಿಲ್ಲರೆ ಕಾಸು ಬಂದು ಬೀಳತೊಡಗಿತು. ಅವನು ಹಾಡು ನಿಲ್ಲಿಸಿ, ಮೊದಲು ದುಡ್ಡು ಆರಿಸಿಕೊಳ್ಳುತ್ತೇನೆ, ಆಮೇಲೆ ಹಾಡುತ್ತೇನೆ ಎಂದುಬಿಟ್ಟ! ಜನ ಬಿದ್ದು ಬಿದ್ದು ನಕ್ಕರು. ಮ್ಯಾನೇಜರ್ ಕರವಸ್ತ್ರ ಹಿಡಿದು ಆರಿಸಲು ಬಂದಾಗ, ಇವನೆಲ್ಲಿ ಲಪಟಾಯಿಸುತ್ತಾನೋ ಎಂದು ಬೆನ್ನು ಹತ್ತಿದ. ಹಣ ತಾಯಿಯ ಕೈ ಸೇರಿದ ಮೇಲೆಯೇ ಮತ್ತೆ ಹಾಡು. ಕೊನೆಗೆ ತಾಯಿಯ ಗಂಟಲು ಒಡೆದದ್ದನ್ನೂ ಹಾಗೆಯೇ ಅನುಕರಿಸಿದ. ಇದೆಲ್ಲ ಅವನೇ ಆತ್ಮಕಥೆಯಲ್ಲಿ ಬರೆದದ್ದು. ಪುಟ್ಟನಿಗೆ ಒಮ್ಮೆ ಹೇಳಿ ನೋಡು, ಬಾಯಿಪಾಠವೇ ಬೇಡ. ಬಯಲಾಟದಲ್ಲಿ ಹಾಸ್ಯಗಾರ ಬಂದ ಕೂಡಲೇ ನಿದ್ದೆ ಬಿಟ್ಟು ಎದ್ದು ಕೂರುವ ಹುಡುಗ ಅವನು.

"ಬಡತನದಲ್ಲಿ ಬೆಳೆದರು" ಎಂದು ಎರಡು ಪದದಲ್ಲಿ ಮುಗಿಸಿದ್ದೀಯಲ್ಲ, ಅದನ್ನು ಬಿಡಿಸಿ ಹೇಳಬೇಕು. ಏಳನೆಯ ವಯಸ್ಸಿಗೆ ಅವನು, ಅಣ್ಣ ಸಿಡ್ನಿ ಮತ್ತು ತಾಯಿ ಲ್ಯಾಂಬೆತ್‌ನ ವರ್ಕ್‌ಹೌಸ್ ಸೇರಿದರು. ಗತಿಯಿಲ್ಲದವರನ್ನು ದುಡಿಸಿಕೊಂಡು ಊಟ ಹಾಕುವ ಜಾಗ ಅದು. ಮಕ್ಕಳನ್ನು ತಾಯಿಯಿಂದ ಬೇರೆ ಇಡುತ್ತಿದ್ದರು. ಮುಂದೆ ತಾಯಿಯ ಮನಸ್ಸಿನ ಆರೋಗ್ಯವೂ ಕೆಟ್ಟಿತು. ಇಷ್ಟು ಗೊತ್ತಾದ ಮೇಲೆ 1925ರ 'ದಿ ಗೋಲ್ಡ್ ರಶ್' ಚಿತ್ರದಲ್ಲಿ ಹಸಿದವನು ತನ್ನ ಬೂಟನ್ನೇ ಬೇಯಿಸಿ ತಿನ್ನುವುದನ್ನು ತೋರಿಸು. ಲೇಸನ್ನು ಫೋರ್ಕಿಗೆ ಸುತ್ತಿ ಬಾಯಿಗಿಡುತ್ತಾನೆ. ಅಟ್ಟೆಯ ಮೊಳೆಗಳನ್ನು ನಾವು ಬಂಗುಡೆಯ ಮುಳ್ಳು ಚೀಪುವ ಹಾಗೆ ಚೀಪುತ್ತಾನೆ. ಆ ಬೂಟನ್ನು ಮಾಡಿದ್ದು ಲಿಕರಿಸ್‌ನಿಂದ, ಅಂದರೆ ಅಮ್ಮ ಕೆಮ್ಮಿಗೆ ಕೊಡುತ್ತಿದ್ದ ಜ್ಯೇಷ್ಠಮಧುವಿನಿಂದ. ಇದನ್ನು ಹೇಳಿದರೆ ತರಗತಿಯ ಮಕ್ಕಳೆಲ್ಲ ಮೂಗು ಮುರಿಯುತ್ತಾರೆ, ಮರೆಯುವುದಿಲ್ಲ.

ಇನ್ನೊಂದು, ಅವನ ಹಟ. 1931ರ 'ಸಿಟಿ ಲೈಟ್ಸ್' ಚಿತ್ರದಲ್ಲಿ ಕುರುಡಿ ಹುಡುಗಿ ಹೂ ಮಾರುವ ದೃಶ್ಯವನ್ನು 300ಕ್ಕೂ ಹೆಚ್ಚು ಬಾರಿ ತೆಗೆಸಿದ. ಮಾತಿನ ಚಿತ್ರಗಳು ಬಂದಾಗಿತ್ತು, ಆದರೂ ಮೂಕಿಯನ್ನು ಬಿಡಲಿಲ್ಲ. ಅದರ ಲಾಭ ಈಗ ನಮಗೆ. ತುಳು ಬಿಟ್ಟು ಬೇರೆ ಬಾರದ ದೊಡ್ಡಮ್ಮ, ಇಂಗ್ಲಿಷ್ ಬಿಟ್ಟು ಬೇರೆ ಮಾತನಾಡದ ದುಬೈ ಮಕ್ಕಳು, ಇಬ್ಬರೂ ಒಂದೇ ಜಾಗದಲ್ಲಿ ನಗುತ್ತಾರೆ.

ಗಾಂಧೀಜಿಯ ಭೇಟಿಯನ್ನು ಬಿಟ್ಟಿದ್ದೀಯಾ, ಸೇರಿಸು. ಅದೇ 1931ರಲ್ಲಿ ದುಂಡು ಮೇಜಿನ ಪರಿಷತ್ತಿಗೆ ಲಂಡನ್ನಿಗೆ ಹೋಗಿದ್ದ ಗಾಂಧೀಜಿಯನ್ನು ಕಂಡು, ಯಂತ್ರಗಳನ್ನು ಯಾಕೆ ವಿರೋಧಿಸುತ್ತೀರಿ ಎಂದು ಕೇಳಿದ. ಐದು ವರ್ಷದ ಮೇಲೆ 'ಮಾಡರ್ನ್ ಟೈಮ್ಸ್'ನಲ್ಲಿ ಅವನೇ ಹಲ್ಲುಚಕ್ರಗಳ ನಡುವೆ ಸಿಕ್ಕಿಹಾಕಿಕೊಂಡ. ಟೀಚರು ಅಂಕ ಕೊಡುವುದಾದರೆ ಇದಕ್ಕೇ ಕೊಡುತ್ತಾರೆ. ಮಳೆಯಲ್ಲಿ ನಡೆದರೆ ಕಣ್ಣೀರು ಕಾಣುವುದಿಲ್ಲ ಎಂಬ ಮಾತನ್ನು ಮಾತ್ರ ದಯವಿಟ್ಟು ತೆಗೆದುಹಾಕು. ಪ್ರತಿ ಮಳೆಗಾಲಕ್ಕೂ ಎಲ್ಲ ಗುಂಪುಗಳಿಗೂ ಬರುತ್ತದೆ, ಅವನು ಹೇಳಿದ್ದಕ್ಕೆ ಗಟ್ಟಿ ಆಧಾರವನ್ನು ಯಾರೂ ತೋರಿಸಿಲ್ಲ.

ಭಾವ, ನಿಮ್ಮ ಪ್ರಶ್ನೆಯನ್ನು ತಳ್ಳಿಹಾಕುವುದಿಲ್ಲ. ಮೊದಲ ಇಬ್ಬರು ಹೆಂಡತಿಯರಿಗೆ ಮದುವೆಯ ಹೊತ್ತಿಗೆ 16 ವರ್ಷ. ಅವನಿಗೆ ಮೊದಲ ಸಲ 29, ಎರಡನೆಯ ಸಲ 35. ಅದನ್ನು ನಾನು ಸಮರ್ಥಿಸುವುದಿಲ್ಲ. ಐದನೆಯ ತರಗತಿಯವನ ಮೂರು ನಿಮಿಷದಲ್ಲಿ ಅದಕ್ಕೆ ಜಾಗವಿಲ್ಲ, ಅಷ್ಟೆ. ಆದರೆ ಹತ್ತನೆಯ ತರಗತಿಯ ನಿಮ್ಮ ಮಗಳು ಕೇಳಿದರೆ ನೇರವಾಗಿ ಹೇಳಿ, ಅವಳ ಕೈಯಲ್ಲೂ ಮೊಬೈಲ್ ಇದೆ. ಅವನ ಬದುಕನ್ನು ಪೂಜೆಗಿಡಬೇಕೆಂದು ನಾನು ಎಲ್ಲಿ ಹೇಳಿದೆ? 2009ರಲ್ಲಿ ಬೈಂದೂರಿನ ಹತ್ತಿರ ಸಿನಿಮಾದವರು ಅವನ ದೊಡ್ಡ ಪ್ರತಿಮೆ ನಿಲ್ಲಿಸಲು ಹೊರಟು ಗಲಾಟೆಯಾದದ್ದು ನೆನಪಿದೆಯೇ? ಅವನ ಧರ್ಮ ಯಾವುದು ಎಂಬ ಚರ್ಚೆ ಆದಷ್ಟು ಅವನ ಸಿನಿಮಾದ ಚರ್ಚೆ ಆಗಲಿಲ್ಲ.

ಅಕ್ಕ, ಭಾನುವಾರ ಮಕ್ಕಳನ್ನು ಕರೆದುಕೊಂಡು ಇಲ್ಲಿಗೇ ಬಾ, ಟಿವಿಯಲ್ಲಿ ಎಲ್ಲರೂ ಒಟ್ಟಿಗೆ ನೋಡೋಣ. ವೇಷಕ್ಕೆ ಹಣ ಸುರಿಯಬೇಡ. ಅಷ್ಟಮಿಗೆ ತಂದಿದ್ದ ಬಣ್ಣದ ಡಬ್ಬಿ ಕಪಾಟಿನಲ್ಲಿ ಇನ್ನೂ ಇದೆ, ಮೀಸೆಗೆ ಅದು ಸಾಕು. ಅಪ್ಪನ ಹಳೆಯ ಕೊಡೆ ಬೆತ್ತಕ್ಕೆ ಆಗುತ್ತದೆ. ಟೊಪ್ಪಿ ಮಾತ್ರ ಯಾರಲ್ಲಾದರೂ ಇದ್ದರೆ ಗುಂಪಿನಲ್ಲಿ ತಿಳಿಸಿ.