‘ತಡೆಗೋಡೆ ದ್ವೀಪ’ದಲ್ಲಿ ಆ ‘ಗೋಡೆ’ ಬೇಕಾ?

ಗೆಳೆಯರೇ,

ಎರಡು ದಿನದಿಂದ ಒಂದು ಪದ ತಲೆ ತಿನ್ನುತ್ತಿದೆ. ಅಮೆರಿಕದ ಟೆಕ್ಸಸ್ ಕರಾವಳಿಯ ಗ್ಯಾಲ್ವೆಸ್ಟನ್ ಬಗೆಗಿನ ಬರಹವೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಮೊದಲ ಸಾಲಿನಲ್ಲೇ ‘ಬ್ಯಾರಿಯರ್ ಐಲ್ಯಾಂಡ್’ ಬಂದು ಕೂತಿದೆ. ಅಂದರೆ ದಡದ ಉದ್ದಕ್ಕೂ ಸಪೂರವಾಗಿ ಮಲಗಿರುವ ಮರಳಿನ ದ್ವೀಪ. ಈಚೆ ಹಿನ್ನೀರು, ಆಚೆ ತೆರೆದ ಕಡಲು. ದೊಡ್ಡ ಅಲೆಗಳ ಪೆಟ್ಟನ್ನು ಮೊದಲು ತಾನೇ ತಿಂದು ಹಿಂದಿನ ದಡವನ್ನು ಕಾಯುತ್ತದೆ.

‘ತಡೆಗೋಡೆ ದ್ವೀಪ’ ಅಂತ ಬರೆದು ಮುಂದೆ ಹೋಗಬಹುದಿತ್ತು. ನನ್ನ ತಕರಾರು ಆ ಗೋಡೆಯ ಜೊತೆ. ಗೋಡೆ ಅಂದರೆ ನಿಂತಲ್ಲೇ ನಿಲ್ಲುವಂಥದ್ದು, ಅಲ್ವಾ? ಈ ದ್ವೀಪ ನಿಲ್ಲುವುದಿಲ್ಲ. ಬಿರುಗಾಳಿಗೆ ಎದ್ದ ಅಲೆಗಳು ಕಡಲ ಬದಿಯ ಮರಳನ್ನು ಕೆರೆದು, ದ್ವೀಪದ ಮೇಲಿಂದಲೇ ದಾಟಿಸಿ, ಹಿನ್ನೀರಿಗೆ ಸುರಿಯುತ್ತವೆ. ಮುಂದೆ ಸವೆಯುತ್ತದೆ, ಹಿಂದೆ ಬೆಳೆಯುತ್ತದೆ. ಹೀಗೆ ಮಗ್ಗುಲು ಬದಲಿಸುತ್ತ ಇಡೀ ದ್ವೀಪವೇ ನೆಲದ ಕಡೆಗೆ ಸರಿಯುತ್ತದೆ.

ಗ್ಯಾಲ್ವೆಸ್ಟನ್‌ನಲ್ಲಿ ನಿಜವಾದ ಗೋಡೆಯೂ ಇದೆ, ಎಡವಟ್ಟಾಗಿರುವುದೇ ಅಲ್ಲಿ. 1900ರ ಸೆಪ್ಟೆಂಬರ್ 8ರ ಚಂಡಮಾರುತದಲ್ಲಿ ನೀರು ಸುಮಾರು 15 ಅಡಿ ಏರಿತು. ಊರಿನ ಅತಿ ಎತ್ತರದ ಜಾಗವೇ 9 ಅಡಿ ಮುಟ್ಟುತ್ತಿರಲಿಲ್ಲ. ಕಡಿಮೆ ಅಂದರೂ 6,000 ಜನ ಸತ್ತರು. ಆಮೇಲೆ 17 ಅಡಿ ಎತ್ತರದ ಕಾಂಕ್ರೀಟ್ ಗೋಡೆ ಕಟ್ಟಿದರು. ಸುಮಾರು 2,000 ಕಟ್ಟಡಗಳನ್ನು ಜಾಕ್ ಕೊಟ್ಟು ಮೇಲೆತ್ತಿ ಅಡಿಗೆ ಮರಳು ತುಂಬಿದರು. ಊರು ಉಳಿಯಿತು, ಗೋಡೆಯ ಮುಂದಿದ್ದ ಮರಳ ದಂಡೆ ಸವೆದುಹೋಯಿತು. ಈಗ ನಾನು ‘ತಡೆಗೋಡೆ ದ್ವೀಪದ ತಡೆಗೋಡೆ’ ಅಂತ ಬರೆಯಲಾ?

(ಇಂಥದ್ದೇ ದ್ವೀಪವಾದ ನಾರ್ತ್ ಕೆರೊಲಿನಾದ ಹ್ಯಾಟರಸ್‌ನಲ್ಲಿ ಕಡಲು ದೀಪಸ್ತಂಭದ ಬುಡಕ್ಕೆ ಬಂದಾಗ, 1999ರಲ್ಲಿ ಆ ಇಟ್ಟಿಗೆ ಗೋಪುರವನ್ನು ಇಡಿಯಾಗಿ 2,900 ಅಡಿ ಆಚೆ ಸರಿಸಿದರು. ದ್ವೀಪದ ಸ್ವಭಾವ ಅರಿತ ಕೆಲಸ ಅಂದರೆ ಅದು.)

ಗೋಡೆ ಬೇಡವಾದರೆ ಬೇರೆ ಯಾವ ಪದ? ನಮ್ಮ ಕರಾವಳಿಯ ‘ಕುದ್ರು’ ಆಗುವುದಿಲ್ಲ, ಅದು ಹೊಳೆಯ ನಡುವಿನ ದ್ವೀಪ. ‘ಬೆಂಗ್ರೆ’ ಹತ್ತಿರ ಬರುತ್ತದೆ: ಹೊಳೆಗೂ ಕಡಲಿಗೂ ನಡುವೆ ಚಾಚಿದ ಮರಳಿನ ಪಟ್ಟಿ. ಆದರೆ ಅದರ ಒಂದು ತುದಿ ನೆಲಕ್ಕೆ ಅಂಟಿರುತ್ತದೆ. ಮಜಾ ಅಂದರೆ, ಇಂಥ ಪಟ್ಟಿಯನ್ನೇ ಬಿರುಗಾಳಿ ಕಡಿದು ದ್ವೀಪ ಮಾಡುತ್ತದೆ ಅಂತ ಗಿಲ್ಬರ್ಟ್ ಅನ್ನುವ ಭೂವಿಜ್ಞಾನಿ 1885ರಲ್ಲೇ ವಾದಿಸಿದ್ದ. ಅದಕ್ಕೂ ಮೊದಲು, 1845ರಲ್ಲಿ, ಫ್ರಾನ್ಸಿನ ಎಲಿ ದ ಬೊಮೋಂ, ಅಲೆಗಳೇ ಕಡಲ ತಳದ ಮರಳನ್ನು ಗುಡ್ಡೆ ಹಾಕುತ್ತವೆ ಅಂದಿದ್ದ. ಒಂದೊಂದು ಕಡೆ ಒಂದೊಂದು ಬಗೆ ಅನ್ನುವುದು ಈಗಿನ ತಿಳಿವಳಿಕೆ. ಹಾಗಾಗಿ ಬೆಂಗ್ರೆಯನ್ನು ತಾಯಿ ಅನ್ನಬಹುದು, ಮಗುವಿಗೆ ಬೇರೆ ಹೆಸರು ಬೇಕು.

ನನ್ನ ಕೈಗೆ ಸಿಕ್ಕಿದ್ದು ‘ಒಡ್ಡು’. ಮಣ್ಣಿನ ಒಡ್ಡು ನೀರು ತಡೆಯುತ್ತದೆ, ಜಾಸ್ತಿ ಬಂದರೆ ಕೊಚ್ಚಿಕೊಂಡು ಹೋಗುತ್ತದೆ. ಗೋಡೆಯ ಬಿಗುಮಾನ ಇಲ್ಲ. ಜೊತೆಗೆ ಅಲೆಗೆ ‘ಮೈಯೊಡ್ಡು’ವ ಅರ್ಥವೂ ಸುಮ್ನೆ ಒಳಗೆ ಬಂದುಬಿಡುತ್ತದೆ. ‘ಒಡ್ಡುದ್ವೀಪ’ ಅಂದರೆ ಅರಿಸಮಾಸ (ಕನ್ನಡ, ಸಂಸ್ಕೃತ ಪದಗಳ ಬೆರಕೆ) ಅಂತ ಹಿರಿಯರು ಮೂಗು ಮುರಿಯಬಹುದು. ‘ಮರಳೊಡ್ಡು’ ಅಂದರೆ ದ್ವೀಪ ಅಂತ ಓದುವವರಿಗೆ ಗೊತ್ತಾಗಲಿಕ್ಕಿಲ್ಲ.

ಇನ್ನೊಂದು ಚಿಕ್ಕ ತೊಡಕು. ಮರಳು ಕೂಡಿ ದ್ವೀಪ ಬೆಳೆದದ್ದಕ್ಕೂ ಅದರ ಮೇಲೆ ಹೋಟೆಲು ಎದ್ದದ್ದಕ್ಕೂ ಮೂಲದಲ್ಲಿ ಒಂದೇ ಪದ, ‘ಡೆವಲಪ್‌ಮೆಂಟ್’. ಮೊದಲನೆಯದಕ್ಕೆ ‘ಬೆಳವಣಿಗೆ’ ಹಾಕಿದೆ. ಎರಡನೆಯದಕ್ಕೆ ‘ಅಭಿವೃದ್ಧಿ’ ಅನ್ನಲು ಮನಸ್ಸು ಬರಲಿಲ್ಲ, ‘ಕಟ್ಟಡಗಳು ಎದ್ದವು’ ಅಂದುಬಿಟ್ಟೆ.

ಒಡ್ಡುದ್ವೀಪವೋ, ಮರಳೊಡ್ಡೋ? ಕಡಲ ಬದಿಯವರ ಬಾಯಲ್ಲಿ ಬೇರೆ ಮಾತಿದ್ದರೆ ಅದೇ ಇರಲಿ, ದಯವಿಟ್ಟು ತಿಳಿಸಿ.